ದೊಡ್ಡಪ್ಪನ ಮೇಲಿನ ಬೀಗ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮೊದಲು ಕೆಮ್ಮಿನ ಸುದ್ದಿ ಹೇಳು. ಮೈದಾ ಹಿಟ್ಟಿನ ಧೂಳು ಬಿಟ್ಟು ಅಷ್ಟು ದೂರ ಹೋದ ಮೇಲಾದರೂ ಅದು ಕಡಿಮೆಯಾಗಿರಬೇಕು. ಇಲ್ಲಿದ್ದಾಗ ಬೆಳಗ್ಗೆ ನೀನು ಹಲ್ಲುಜ್ಜುತ್ತಾ ಕೆಮ್ಮುವ ಸದ್ದಿಗೇ ಪಕ್ಕದ ಮನೆಯವರು ಏಳುತ್ತಿದ್ದರು. ಈಗ ಪಾಪ ಅವರು ಅಲಾರಂ ಕೊಂಡುಕೊಂಡಿದ್ದಾರೆ. ಮಾಸ್ಕ್ ಹಾಕಿಕೋ ಎಂದು ಎಷ್ಟು ಬಡಿದುಕೊಂಡರೂ ಅದನ್ನು ಗದ್ದದ ಕೆಳಗೆ ಗಡ್ಡದ ಹಾಗೆ ನೇತುಹಾಕಿಕೊಂಡು ಓಡಾಡುತ್ತಿದ್ದವನು ನೀನು. ಊಟ ಹೊತ್ತುಹೊತ್ತಿಗೆ ಆಗುತ್ತಿದೆಯೇ, ಇಲ್ಲಾ ಟೀಯಲ್ಲಿ ಬನ್ನು ಅದ್ದಿ ತಿಂದು ಅದನ್ನೇ ಊಟ ಎನ್ನುತ್ತಿದ್ದೀಯೋ? ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿದೆ ಎಂದು ನಮ್ಮ ಕಾರ್ಖಾನೆಯ ಓವನ್ ನೋಡಿಕೊಳ್ಳುವ ಅಕ್ಕ ಹೇಳಿದಳು. ಅವಳ ತಂಗಿಯ ಗಂಡ ನಿನ್ನ ಬೀದಿಯಲ್ಲೇ ಟೈರಿನ ಅಂಗಡಿ ಇಟ್ಟಿರುವುದರಿಂದ ವಿಳಾಸ ಸಿಕ್ಕಿತು, ಇಲ್ಲದಿದ್ದರೆ ನೀನು ಭೂಮಿಯ ಮೇಲೆ ಇದ್ದೀಯೋ ಇಲ್ಲವೋ ಎನ್ನುವುದೂ ನನಗೆ ಗೊತ್ತಾಗುತ್ತಿರಲಿಲ್ಲ. ಫೋನು ಮಾಡಿ ಮಾಡಿ ನನ್ನ ಬೆರಳು ಸವೆಯಿತು. ಎತ್ತುವುದಿಲ್ಲ ಎಂದು ಹಠ ಹಿಡಿದವನಿಗೆ ಪತ್ರವೇ ಸರಿ, ಇದನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಅಲ್ಲಿ ಜಾಕ್ ಹಾಕಿ ಎತ್ತಿದ ಗಾಡಿಯ ಕೆಳಗೆ ಸುಮ್ಮನೆ ತೂರಬೇಡ, ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟು, ಅಲ್ಲಾಡಿಸಿ ನೋಡಿ, ಆಮೇಲೆ ಹೋಗು. ಸಣ್ಣಗಿರುವುದು ನಿನ್ನ ತಪ್ಪಲ್ಲ, ಆದರೆ ಸಣ್ಣಗಿದ್ದಾನೆ ಎಂದು ಎಲ್ಲ ಕಡೆಯೂ ನಿನ್ನನ್ನೇ ಒಳಗೆ ಕಳಿಸುತ್ತಾರೆ. ಬ್ರೆಡ್ ಕಾರ್ಖಾನೆಯಲ್ಲಿ ನಿನಗೆ ಇಲಿ ಎಂದು ಹೆಸರು ಬಿದ್ದಿದ್ದು ಅದಕ್ಕೇ ತಾನೆ.

ನಾವು ಇಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ, ಅದಕ್ಕೆ ಇದ್ದೇವೆ ಎಂದಷ್ಟೇ ಬರೆದೆ. ನಿನ್ನ ಸೋದರಸೊಸೆ ಶಾಲೆಯಿಂದ ಬಂದವಳೇ ನಿನ್ನ ಕೋಣೆಯ ಬಾಗಿಲು ತಳ್ಳಿ ನೋಡುತ್ತಾಳೆ. ಮಾವ ಕೆಲಸಕ್ಕೆ ಹೋಗಿದ್ದಾನೆ ಎಂದು ನಾನು ಹೇಳಿದರೆ "ಅಷ್ಟೊಂದು ದಿನ ಯಾರಾದ್ರೂ ಒಂದೇ ಸಮ ಕೆಲಸ ಮಾಡ್ತಾರಾ?" ಎಂದು ನನ್ನನ್ನೇ ಕೇಳುತ್ತಾಳೆ. ಅವಳಿಗೆ ಇನ್ನೂ ನಂಬಿಕೆ, ಕಾರ್ಖಾನೆಯಲ್ಲಿರುವ ದೊಡ್ಡಪ್ಪ ಯಾರೋ ದಪ್ಪ ಹೊಟ್ಟೆಯ ಮುದುಕ ಎಂದು. ಹಿಟ್ಟು ಕಲಸುವ ಎರಡು ಯಂತ್ರಗಳಿಗೆ ದೊಡ್ಡಪ್ಪ, ಚಿಕ್ಕಪ್ಪ ಎಂದು ಹೆಸರಿಟ್ಟು ನೀನು ಊರಿಗೆಲ್ಲ ಹಂಚಿಬಿಟ್ಟೆ, ಈಗ ಮಾಲೀಕರ ಬಾಯಲ್ಲೂ ಅದೇ. ಆ ದೊಡ್ಡಪ್ಪ ನೀನು ಹೋದ ದಿನದಿಂದ ನಿಂತಿದ್ದಾನೆ. ಚಿಕ್ಕಪ್ಪನೊಬ್ಬನೇ ಗಾಣದೆತ್ತಿನ ಹಾಗೆ ದುಡಿಯುತ್ತಿದ್ದಾನೆ. ಮಧ್ಯಾಹ್ನದ ಹೊತ್ತಿಗೆ ಅವನ ಮೋಟರಿನಿಂದ ಸುಟ್ಟ ವಾಸನೆ ಬರುತ್ತದೆ. ಮಿಕ್ಕ ಹಿಟ್ಟನ್ನು ನಾವು ಹೆಂಗಸರು ಮೇಜಿನ ಮೇಲೆ ಕೈಯಲ್ಲೇ ನಾದುತ್ತೇವೆ. ಟಿನ್ನುಗಳಿಗೆ ಎಣ್ಣೆ ಸವರುವ ನನ್ನ ಕೆಲಸ ಇದ್ದೇ ಇದೆ, ಇದು ಅದರ ಮೇಲೆ. ಬಲ ಭುಜ ಸಂಜೆಗೆ ನನ್ನದಲ್ಲ ಎನ್ನಿಸುತ್ತದೆ. ಮನೆಗೆ ಬಂದು ತಲೆ ಬಾಚಿಕೊಳ್ಳಲು ಕೈ ಮೇಲೆತ್ತಲು ಆಗದೆ ಮಗಳ ಕೈಯಲ್ಲಿ ಬಾಚಿಸಿಕೊಳ್ಳುತ್ತೇನೆ. ಅವಳು ಬೈತಲೆಯನ್ನು ಕಿವಿಯ ಹತ್ತಿರ ತೆಗೆಯುತ್ತಾಳೆ. ಹಾಗೇ ಕೆಲಸಕ್ಕೆ ಹೋಗುತ್ತೇನೆ, ನೋಡುವವರಿಗೂ ಸುಸ್ತು, ಯಾರೂ ನಗುವುದಿಲ್ಲ.

ಬೀಗ ಹಾಗೇ ಇದೆ. ನನ್ನ ಉಗುರುಬಣ್ಣ ಕದ್ದು ನೀನು ಬಳಿದೆಯಲ್ಲ, ಹಿಟ್ಟು ಕೆರೆಯಲು ಒಳಗಿಳಿಯುವ ಮುಂಚೆ ಹಾಕುತ್ತಿದ್ದ ಆ ಕೆಂಪು ಬೀಗ, ದೊಡ್ಡಪ್ಪನ ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ನೇತಾಡುತ್ತಿದೆ. ಜೊತೆಗೆ ನಿನ್ನ ಫೋಟೋ ಅಂಟಿಸಿದ ಬಿಲ್ಲೆ, ಅದರ ಕೆಳಗೆ "ಒಳಗೆ ಕೆಲಸ ನಡೆಯುತ್ತಿದೆ, ಚಾಲೂ ಮಾಡಬೇಡಿ" ಎನ್ನುವ ಅಕ್ಷರ. ಫೋಟೋದಲ್ಲಿ ನೀನು ಸೀನು ತಡೆದುಕೊಂಡವನ ಹಾಗೆ ಕಾಣುತ್ತೀಯ. ಮೊದಮೊದಲು ಹುಡುಗರು ಹಾದುಹೋಗುವಾಗ "ಏನಪ್ಪಾ ಇಲಿ, ಇನ್ನೂ ಹೊರಗೆ ಬಂದಿಲ್ವಾ?" ಎಂದು ಅದರ ಜೊತೆ ತಮಾಷೆ ಮಾಡುತ್ತಿದ್ದರು. ಈಗ ತಮಾಷೆ ಹಳಸಿದೆ. "ಹೋಗೋನು ಸುಮ್ನೆ ಹೋಗ್ಬಾರ್ದಾ, ನಮ್ಮ ಹೊಟ್ಟೆ ಮೇಲೆ ಬೀಗ ಹಾಕಿ ಹೋದ" ಎನ್ನುತ್ತಾರೆ. ನಿನ್ನ ಭಾವನ ಜೊತೆ ಮಾತಿಗೆ ಮಾತು ಬೆಳೆದು, ಸಿಟ್ಟಿಗೆ ಬೀಗ ಬಿಟ್ಟು, ಕೀಲಿ ಜೇಬಿಗೆ ಹಾಕಿಕೊಂಡು ಓಡಿಹೋದ ಎನ್ನುವುದು ಕಾರ್ಖಾನೆಯ ನಂಬಿಕೆ. ಅದನ್ನು ಹೇಳಿದವರು ಯಾರು ಎಂದು ನಿನಗೆ ಹೇಳಬೇಕಾಗಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಟಿನ್ನು ಒರೆಸುತ್ತಿದ್ದೆ.

ಬೀಗ ಕತ್ತರಿಸಿ ಎಸೆಯಿರಿ ಎಂದು ಮಾಲೀಕರು ಮಾರನೆಯ ದಿನವೇ ದೊಡ್ಡ ಕಟರ್ ತರಿಸಿದ್ದರು. ಅಡ್ಡ ನಿಂತವರು ಸುರಕ್ಷತೆ ಮೇಡಂ. ವಾರಕ್ಕೊಮ್ಮೆ ಬಂದು ಪಾಠ ಹೇಳುತ್ತಾರಲ್ಲ, ಅವರೇ. ಭಾರ ಎತ್ತುವಾಗ ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ ಎಂದು ಅವರು ಕೂತು ಎದ್ದು ತೋರಿಸಿದಾಗ ನೀನು ಹಿಂದಿನ ಸಾಲಿನಲ್ಲಿ "ಇಷ್ಟು ವರ್ಷ ಬಗ್ಗಿದ ಬೆನ್ನಿಗೆ ಈಗ ಯಾರು ಹೇಳ್ತಾರೆ ಮೇಡಂ?" ಎಂದು ಎಲ್ಲರನ್ನೂ ನಗಿಸಿದ್ದೆ. ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಕಂಡವರೇ ಒರೆಸಿ, ತುರ್ತು ಬಾಗಿಲಿಗೆ ಟ್ರಾಲಿ ಅಡ್ಡ ಇಡಬೇಡಿ, ಪೆಟ್ಟಾಗದೆ ತಪ್ಪಿಹೋದದ್ದನ್ನೂ ಬಂದು ಹೇಳಿ, ಯಾರನ್ನೂ ಬೈಯುವುದಿಲ್ಲ ಎಂದು ಬಾಯಿ ನೋಯುವಷ್ಟು ಹೇಳುತ್ತಾರೆ. ಆಗದೇ ಇರುವುದನ್ನು ಏನಂತ ಹೇಳುವುದು ಎಂದು ನಾವೆಲ್ಲ ಆಕಳಿಸುತ್ತಿದ್ದೆವು. ಅವರು ಕಟರ್ ಮೇಲೆ ಕೈಯಿಟ್ಟು, ಬೀಗ ಹಾಕಿದವನ ಬಾಯಿಂದಲೋ ಕೈಯಿಂದಲೋ ಒಂದು ಮಾತು ಬರುವವರೆಗೂ ಇದನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದುಬಿಟ್ಟರು. ಮಾಲೀಕರು "ಅವನು ಊರಲ್ಲೇ ಇಲ್ಲ, ಇನ್ನು ಒಳಗೆ ಎಲ್ಲಿಂದ ಬರ್ತಾನೆ?" ಎಂದು ಕೂಗಾಡಿದರು. ಅದಕ್ಕೆ ಮೇಡಂ "ಇವತ್ತು ಇಲ್ಲ ಅಂತ ಗೊತ್ತಿದ್ದು ಕತ್ತರಿಸ್ತೀರಿ, ನಾಳೆ ಇಲ್ಲ ಅಂದ್ಕೊಂಡು ಕತ್ತರಿಸ್ತೀರಿ" ಎಂದರು. ಇವರು, ನಿನ್ನ ಭಾವ, ಆಗ ಗೋಡೆಯ ಕಡೆ ತಿರುಗಿ ನೀರು ಕುಡಿಯುತ್ತಿದ್ದರು. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದರು.

ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುವುದು ಹುಚ್ಚುತನ. ಆದರೆ ಆವತ್ತು ನೀನು ಒಳಗಿದ್ದೆ, ನಾನು ಹೊರಗಿದ್ದೆ. ಹೊರಗಿನಿಂದ ಅದು ಹೇಗೆ ಕಂಡಿತು ಎನ್ನುವುದನ್ನು ನೀನು ಕೇಳದೆ ಹೊರಟುಹೋದೆ, ಅದಕ್ಕೆ ಬರೆಯುತ್ತೇನೆ. ಇದನ್ನು ಅಂಚೆಗೆ ಹಾಕುವ ಮುಂಚೆ ಇವರೂ ಓದುತ್ತಾರೆ, ಓದಲಿ.

ಎಲ್ಲದಕ್ಕೂ ಮೂಲ ಆ ಎರಡನೇ ಕೀಲಿ. ಬೀಗಗಳು ಬಂದ ದಿನ ಮೇಡಂ ಸ್ಪಷ್ಟವಾಗಿ ಹೇಳಿದ್ದರು: ಒಬ್ಬ ಮನುಷ್ಯ, ಒಂದು ಬೀಗ, ಒಂದು ಕೀಲಿ, ಜೊತೆಗೆ ಬಂದ ಎರಡನೆಯದನ್ನು ನನಗೆ ತಂದುಕೊಡಿ, ಮುರಿದುಹಾಕುತ್ತೇನೆ. ನಮ್ಮ ಜನಕ್ಕೆ ಗಟ್ಟಿಮುಟ್ಟಾದ ಕೀಲಿಯನ್ನು ಮುರಿಯುವುದು ಎಂದರೆ ಅನ್ನ ಚೆಲ್ಲಿದ ಹಾಗೆ. ಮನೆಯ ಕೀಲಿಯನ್ನೇ ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವವರು ನಾವು. ಚರಂಡಿಗೆ ಬಿತ್ತು ಮೇಡಂ, ಪೊಟ್ಟಣದಲ್ಲೇ ಇರಲಿಲ್ಲ ಮೇಡಂ ಎಂದು ಒಬ್ಬೊಬ್ಬರೂ ಒಂದೊಂದು ಕತೆ ಕಟ್ಟಿ, ಕೀಲಿಗಳನ್ನೆಲ್ಲ ತಂದು ಸೂಪರ್‌ವೈಸರ್ ಅಣ್ಣನ ಕೈಗೆ, ಅಂದರೆ ಇವರ ಕೈಗೆ ಕೊಟ್ಟರು. ಕಳೆದುಹೋದರೆ ಇರಲಿ ಎಂದು ಇವರು ಅವನ್ನು ತಮ್ಮ ಕೋಣೆಯಲ್ಲಿ ಕ್ಯಾಲೆಂಡರಿನ ಹಿಂದೆ ಮೊಳೆಗೆ ಹಾಕಿಟ್ಟರು. ಯಾರು ಏನೇ ಕೊಟ್ಟರೂ ಇಟ್ಟುಕೊಳ್ಳುವ, ಯಾರು ಏನೇ ಕೇಳಿದರೂ ಹೂಂ ಎನ್ನುವ ಸ್ವಭಾವ ಇವರದು, ನಿನಗೆ ಗೊತ್ತಿದೆಯಲ್ಲ. ನಿನ್ನ ಕೀಲಿ ಮಾತ್ರ ಮೊಳೆಗೆ ಹೋಗಲಿಲ್ಲ. ಮನೆಯವನದು ಎಂದು ನಮ್ಮ ಮುಂಬಾಗಿಲ ಕೀಲಿಯ ಗೊಂಚಲಿನಲ್ಲೇ ಸೇರಿಕೊಂಡಿತು. ನೀನು ಬೀಗ ಹಾಕಿಟ್ಟೇ ಟೀ ಕುಡಿಯಲು ಹೋಗುತ್ತಿದ್ದೆ, ನಾನು ಬರುವವರೆಗೆ ದೊಡ್ಡಪ್ಪನನ್ನು ಯಾರೂ ಮುಟ್ಟಬಾರದು ಎಂದು. ಅವಸರವಿದ್ದಾಗ ಇವರು ತಮ್ಮ ಕೀಲಿಯಿಂದ ತೆಗೆದು ಕೆಲಸ ಶುರು ಮಾಡಿಸುತ್ತಿದ್ದರು. ಆಗ ನೀನು ಬಂದು "ಅಯ್ಯೋ ಭಾವ, ಕಳ್ಳನಿಗೆ ಮನೆ ಕೀಲಿ ಕೊಟ್ಟ ಹಾಗಾಯ್ತು" ಎಂದು ನಗುತ್ತಿದ್ದೆ. ಇವರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆವತ್ತು ಗೇಟಿನಲ್ಲಿ ಲಾರಿಯವನು ಹಾರ್ನ್ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಬೆಳಗಿನ ಬ್ರೆಡ್ಡು ಅರ್ಧವೂ ಆಗಿರಲಿಲ್ಲ. ಇವರು ಓಡಿಬಂದರು, ನಿನ್ನ ಬೀಗ ನೋಡಿದರು, ಕಿಟಕಿಯಿಂದ ಆಚೆ ಟೀ ಅಂಗಡಿಯ ಕಡೆ ನೋಡಿದರು. ಬೆಂಚಿನ ಮೇಲೆ ಬಿಳಿ ಟೋಪಿ ಹಾಕಿದ ಸಣಕಲ ಒಬ್ಬ ಈ ಕಡೆ ಬೆನ್ನು ಮಾಡಿ ಕೂತಿದ್ದ. ಅವನೇ ನೀನು ಎಂದುಕೊಂಡರಂತೆ. ನಮ್ಮ ಕಾರ್ಖಾನೆಯಲ್ಲಿ ಇರುವವರೆಲ್ಲ ಬಿಳಿ ಟೋಪಿಯವರೇ ಎನ್ನುವುದು ಆ ಹೊತ್ತಿಗೆ ಇವರಿಗೆ ಹೊಳೆಯಲಿಲ್ಲ. ನಾನು ಬೆನ್ನು ಹಾಕಿ ಟಿನ್ನು ಜೋಡಿಸುತ್ತಿದ್ದೆ, ಬೀಗ ತೆಗೆದದ್ದು ನೋಡಲಿಲ್ಲ. ದೊಡ್ಡಪ್ಪ ತಿರುಗುವ ಮುಂಚೆ ಹೊಡೆಯುವ ಬೆಲ್ ಕೇಳಿ ತಿರುಗಿದೆ. ಇವರ ಎಡಗೈಯಲ್ಲಿ ನಿನ್ನ ಕೆಂಪು ಬೀಗ, ಬಲಗೈ ಹಸಿರು ಗುಂಡಿಯ ಮೇಲೆ. ಮುಚ್ಚಳ ತೆರೆದಿದ್ದರೆ ಯಂತ್ರ ತಿರುಗಬಾರದು ಎಂದು ಇದ್ದ ಸ್ವಿಚ್ಚು ಕೆಟ್ಟು, ಅದಕ್ಕೆ ತಂತಿ ಸುತ್ತಿ ಎಷ್ಟೋ ಕಾಲವಾಗಿತ್ತು. ಆಗ ಒಳಗಿನಿಂದ ಢಣಢಣ ಎಂದು ಬಡಿಯುವ ಸದ್ದು ಬಂತು. ಒಣಗಿದ ಹಿಟ್ಟು ಕೆರೆಯುವ ಕಬ್ಬಿಣದ ಪಟ್ಟಿಯಿಂದ ನೀನು ಬಡಿಯುತ್ತಿದ್ದೆ. ಇವರು ಕೆಂಪು ಗುಂಡಿಗೆ ಅಂಗೈಯಿಂದ ಹೊಡೆದರು. ಬೆಲ್ ನಿಂತಿತು. ದೊಡ್ಡಪ್ಪನ ತೋಳು ಅಲುಗಲೂ ಇಲ್ಲ. ಕೂದಲೆಳೆಯಷ್ಟರಲ್ಲಿ ತಪ್ಪಿತು ಎನ್ನುತ್ತಾರಲ್ಲ, ನಾನು ಆ ಮಾತನ್ನು ಇನ್ನು ಮುಂದೆ ಸುಮ್ಮಸುಮ್ಮನೆ ಬಳಸುವುದಿಲ್ಲ.

ನೀನು ಮೇಲೆ ಬಂದಾಗ ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿತ್ತು. ಇವರು ಹಿಟ್ಟಿನ ಚೀಲದ ಮೇಲೆ ಕುಸಿದು ಕೂತಿದ್ದರು. ನೀನು ಬೈದಿದ್ದರೆ, ಕೊರಳಪಟ್ಟಿ ಹಿಡಿದು ಹೊಡೆದಿದ್ದರೆ ಚೆನ್ನಾಗಿತ್ತು ಕಣೋ. ನೀನು ಇವರ ಕೈಯಿಂದ ಬೀಗ ತೆಗೆದುಕೊಂಡೆ. ಅಂಗೈ ಚಾಚಿದೆ. ಇವರು ಗೊಂಚಲಿನಿಂದ ಕೀಲಿ ಬಿಡಿಸುವಷ್ಟರಲ್ಲಿ ನೀನೇ ಕಿತ್ತುಕೊಂಡೆ. ಬೀಗವನ್ನು ಮತ್ತೆ ಅದೇ ಜಾಗಕ್ಕೆ ಹಾಕಿ ಒತ್ತಿದೆ. ಎರಡು ಕೀಲಿಗಳನ್ನೂ ಜೇಬಿಗೆ ಹಾಕಿಕೊಂಡು, ನಲ್ಲಿಯಲ್ಲಿ ಮುಖ ತೊಳೆದು, ನನ್ನ ಕಡೆ ಒಂದು ಸಲ ನೋಡಿ ಹೊರಟುಹೋದೆ. ಮಿಕ್ಕವರು ಟೀಗೆ ಹೋಗಿದ್ದರು. ಓವನ್ ಕಡೆಯವರಿಗೆ ಆ ಗದ್ದಲದಲ್ಲಿ ಏನೂ ಕೇಳಿರಲಿಲ್ಲ. ಆದದ್ದು ನಮ್ಮ ಮೂವರಿಗಷ್ಟೇ ಗೊತ್ತು.

ಈಗ ಮನೆಯ ಸುದ್ದಿ. ಇವರು ಮೊದಲಿನ ಮನುಷ್ಯ ಅಲ್ಲ. ಮುಂಬಾಗಿಲ ಕರೆಗಂಟೆಯ ತಂತಿಯನ್ನು ತಾವೇ ಕಿತ್ತುಹಾಕಿದ್ದಾರೆ. ಬಂದವರು ಬಾಗಿಲು ಬಡಿಯಬೇಕು, ಬಡಿದರೂ ಬೆಚ್ಚಿಬೀಳುತ್ತಾರೆ. ಹಾಲಿನವನು ನಮಗೆ ಕಿವುಡು ಬಂದಿದೆ ಎಂದುಕೊಂಡಿದ್ದಾನೆ. ಮಿಕ್ಸಿ ಹಾಕುವ ಮುಂಚೆ ನಾನು "ಹಾಕ್ತೀನಿ ಕಣ್ರೀ" ಎಂದು ಕೂಗಿ ಹೇಳಬೇಕು. ಸ್ಕೂಟರ್ ತೆಗೆಯುವಾಗ ಹಿಂದೆ ಮಗಳು ಇದ್ದಾಳೋ ಎಂದು ನಾಲ್ಕಾರು ಸಲ ಇಳಿದು ನೋಡುತ್ತಾರೆ, ಅವಳು ಶಾಲೆಗೆ ಹೋಗಿರುತ್ತಾಳೆ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಎಲ್ಲೋ ನೋಡುತ್ತಿರುತ್ತಾರೆ. ನಿನ್ನನ್ನು ಆ ಕೆಲಸಕ್ಕೆ ಸೇರಿಸಿದವರು ಇವರು, ಸ್ಪ್ಯಾನರ್ ಹಿಡಿಯಲು ಕಲಿಸಿದವರು ಇವರು. ನಿನಗೆ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಹೋದವರೂ ಇವರೇ. ಇದನ್ನೆಲ್ಲ ಬರೆಯುವುದು ನಿನ್ನ ಮನಸ್ಸು ಕರಗಿಸಲು ಅಲ್ಲ. ನನಗೇ ನೆನಪಿರಲಿ ಎಂದು ಬರೆಯುತ್ತಿದ್ದೇನೆ, ಏಕೆಂದರೆ ಕೆಲವು ದಿನ ಇವರ ಮುಖ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇನ್ನು ಕೆಲವು ದಿನ ಪಾಪ ಎನ್ನಿಸುತ್ತದೆ. ಅತ್ತ ಗಂಡ, ಇತ್ತ ತಮ್ಮ, ನಡುವೆ ನಾನು ಒಳಕಲ್ಲಿನಲ್ಲಿ ಸಿಕ್ಕಿದ ಕಾಳಿನ ಹಾಗೆ. ನಿನಗಾದರೋ ಹೊರಟುಹೋಗಲು ಕಾಲಿತ್ತು.

ಈಗ ಇವರು ಬರೆಯಲು ಹೇಳಿದ ವಿಷಯಕ್ಕೆ ಬರುತ್ತೇನೆ. ಮೇಡಂಗೆ ಬೇಕಾಗಿರುವುದು ನಿನ್ನ ಕೈಯಿಂದ ಒಂದು ಸಾಲು. ಅದು ಬಂದರೆ ಬೀಗ ಕತ್ತರಿಸಲು ಒಪ್ಪುತ್ತಾರೆ, ದೊಡ್ಡಪ್ಪ ತಿರುಗುತ್ತಾನೆ, ಎಲ್ಲರ ಬಾಯೂ ಮುಚ್ಚುತ್ತದೆ. ಇವರು ನಿನ್ನೆ ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿಕೊಟ್ಟ ಸಾಲು ಇದು: "ಬೀಗ ತೆಗೆಯಲು ಮರೆತು ಬಂದೆ, ಕೀಲಿ ಕಳೆದುಹೋಗಿದೆ, ಕತ್ತರಿಸಬಹುದು." ಕೆಳಗೆ ನಿನ್ನ ಸಹಿ. ಅಷ್ಟೇ. ನಡೆದದ್ದು ಗೊತ್ತಾದರೆ ಇವರ ಕೆಲಸ ಹೋಗುತ್ತದೆ, ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಯಾರೂ ತೆಗೆದುಕೊಳ್ಳುವುದಿಲ್ಲ. ಯಾರಿಗೂ ಏನೂ ಆಗಲಿಲ್ಲವಲ್ಲ, ಆಗದ ವಿಷಯಕ್ಕೆ ಒಂದು ಸಂಸಾರ ಬೀದಿಗೆ ಬೀಳಬೇಕೇ ಎಂದು ಇವರು ಕೇಳುತ್ತಾರೆ. ಕೇಳುವಾಗ ನನ್ನ ಮುಖ ನೋಡುವುದಿಲ್ಲ. ಆ ಸಾಲು ಬರೆದರೆ ನೀನು ಇವರನ್ನು ಕ್ಷಮಿಸಿದ ಹಾಗೆ ಎಂದು ನಾನು ತಿಳಿಯುವುದಿಲ್ಲ, ಅದು ಬೇರೆ ಲೆಕ್ಕ. ಕ್ಷಮಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು, ಅವಸರವಿಲ್ಲ. ನನಗೆ ಸುಸ್ತಾಗಿದೆ ತಮ್ಮಾ. ಸರಿ ಯಾವುದು ತಪ್ಪು ಯಾವುದು ಎಂದು ತೂಗುವ ಶಕ್ತಿ ನನ್ನ ಭುಜದಲ್ಲಿ ಉಳಿದಿಲ್ಲ. ಆ ಯಂತ್ರ ತಿರುಗಿದರೆ ಕೈಯಲ್ಲಿ ನಾದುವುದು ತಪ್ಪುತ್ತದೆ, ಒಂದು ಸಂಜೆಯಾದರೂ ಬಂದು ಸುಮ್ಮನೆ ಮಲಗಬಹುದು ಎಂದಷ್ಟೇ ಯೋಚನೆ ಓಡುತ್ತದೆ. ಆದ್ದರಿಂದ ಬರೆದುಬಿಡು.

ಅಲ್ಲಿ ಚಳಿಯಿದ್ದರೆ ನಿನ್ನ ಕಂದು ಸ್ವೆಟರ್ ಕಳಿಸುತ್ತೇನೆ, ಮೊಣಕೈ ಹತ್ತಿರ ಹರಿದದ್ದನ್ನು ಹೊಲಿದಿದ್ದೇನೆ. ನಿನ್ನ ಸೊಸೆ ಮಾವನಿಗೆ ಎರಡು ಮುತ್ತು ಬರೆ ಎಂದಳು, ಬರೆದಿದ್ದೇನೆ. ಬಂದು ಹೋಗು ಎಂದು ಕರೆಯುವ ಧೈರ್ಯವಿಲ್ಲ, ಬರಬೇಡ ಎನ್ನಲು ಬಾಯಿಯೂ ಇಲ್ಲ. ಎಲ್ಲಿದ್ದರೂ ಕೈ ಕಾಲು ಮುಕ್ಕಾಗದೆ, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಚೆನ್ನಾಗಿರು. ಇಲ್ಲಿಂದಲೇ ನಿನ್ನ ತಲೆ ಸವರಿದ್ದೇನೆ ಎಂದುಕೋ.

ಇಂತಿ,
ನಿನ್ನ ಅಕ್ಕ

ತಮ್ಮಾ, ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಸೋಮವಾರ, ಊಟದ ಬಿಡುವು, ಟಿನ್ನಿನ ಮೇಜು. ಕೈಯಲ್ಲಿ ಎಣ್ಣೆಯಿದೆ, ಅಕ್ಷರ ಹರಡಿದರೆ ಹೊಂದಿಸಿಕೊಂಡು ಓದು. ನಿನ್ನೆ ಇವರು ಪತ್ರ ಪೂರ್ತಿ ಓದಿದರು. ಓದಿ ಮಡಚಿಟ್ಟು, "ಗುಂಡಿ ಒತ್ತೋ ಮುಂಚೆ ನಾನು ಅವನನ್ನ ಕೂಗಿದ್ದೆ ಅಲ್ವಾ, ಅದನ್ನೂ ಸೇರಿಸು" ಎಂದರು. ನಾನು ಸೇರಿಸಲಿಲ್ಲ. ಅಷ್ಟು ಹತ್ತಿರ ನಿಂತಿದ್ದೆ, ಇವರು ಕೂಗಲಿಲ್ಲ. ಆದರೆ ಬೇಕೆಂದು ಸುಳ್ಳು ಹೇಳುತ್ತಿಲ್ಲ, ಕೂಗಿದ್ದೆ ಎಂದು ನಿಜವಾಗಿಯೂ ನಂಬಲು ಶುರು ಮಾಡಿದ್ದಾರೆ. ಅದನ್ನೂ ನಾನು ನುಂಗಿಕೊಂಡೆ. ಬೆಳಗ್ಗೆ ಅಂಚೆಗೆ ಹಾಕುತ್ತೇನೆ ಎಂದು ಪತ್ರ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಬಂದೆ.

ಇವತ್ತು ನಿನ್ನ ಜಾಗಕ್ಕೆ ಹೊಸಬನೊಬ್ಬ ಸೇರಿದ. ನಿನ್ನಷ್ಟೇ ಸಣಕಲ, ಅದಕ್ಕೇ ಆರಿಸಿಕೊಂಡಿದ್ದಾರೆ. ಹೆಂಡತಿಗೆ ದಿನ ತುಂಬಿದೆಯಂತೆ, ಬಂದವನು ಎಲ್ಲರಿಗೂ ಅದನ್ನೇ ಹೇಳಿಕೊಂಡು ಓಡಾಡಿದ. ಅವನಿಗೆ ಹೊಸ ಬೀಗ ಕೊಟ್ಟರು. ಒಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಇನ್ನೊಂದನ್ನು ಇವರ ಮುಂದೆ ಹಿಡಿದು, "ನಾನು ದೊಡ್ಡ ಮರೆಗುಳಿ ಅಣ್ಣ, ಇದು ನಿಮ್ಮ ಹತ್ರಾನೇ ಇರ್ಲಿ" ಎಂದ. ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಬೇಡ ಎನ್ನುತ್ತಾರೆ ಎಂದುಕೊಂಡೆ. ಇಸಿದುಕೊಂಡರು. ಕೋಣೆಗೆ ಹೋಗಿ ಕ್ಯಾಲೆಂಡರ್ ಎತ್ತಿ ಮೊಳೆಗೆ ಹಾಕಿ ಬಂದರು. ಮನೆಯ ಕರೆಗಂಟೆ ಕಿತ್ತ ಅದೇ ಕೈ. ಆಮೇಲೆ ಹೊಸಬ ತನ್ನ ಬೀಗ ಹಾಕಿ, ನಗುತ್ತಾ ಚಿಕ್ಕಪ್ಪನ ಒಳಗೆ ಇಳಿದ. ಅವನು ಮೇಲೆ ಬರುವವರೆಗೆ ನಾನು ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಿದ್ದೆ. ಟಿನ್ನುಗಳು ಒಣಗಿದವು, ಬೈಸಿಕೊಂಡೆ. ದಿನಾ ಹಾಗೆ ನಿಲ್ಲಲು ನನ್ನಿಂದ ಆಗುವುದಿಲ್ಲ.

ಇವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಕೆಟ್ಟವರಾಗಿದ್ದರೆ ಯಾರೂ ಇವರ ಕೈಗೆ ಕೀಲಿ ಕೊಡುತ್ತಿರಲಿಲ್ಲ. ಈಗ ಮೊಳೆಯಲ್ಲಿದ್ದ ಅಷ್ಟೂ ಕೀಲಿಗಳನ್ನು ತೆಗೆದು ಊಟದ ಡಬ್ಬಿಗೆ ತುಂಬಿಕೊಂಡಿದ್ದೇನೆ. ಸಂಜೆ ಮೇಡಂ ಕಚೇರಿಗೆ ಹೋಗಿ ಡಬ್ಬಿಯನ್ನೂ ಕೊಡುತ್ತೇನೆ, ಆದದ್ದನ್ನೂ ಹೇಳುತ್ತೇನೆ. ಹೋಗುವ ಮುಂಚೆ ಇವರಿಗೇ ಹೇಳಿ ಹೋಗುತ್ತೇನೆ, ಬೆನ್ನ ಹಿಂದೆ ಅಲ್ಲ. ಇವರ ಕೆಲಸ ಹೋದರೂ ಹೋಗಬಹುದು, ನನ್ನದೂ. ಮನೆಯಲ್ಲಿ ಏನು ಬಂದರೂ ನಾನು ನೋಡಿಕೊಳ್ಳುತ್ತೇನೆ, ಇವರನ್ನು ಬಿಟ್ಟು ಎಲ್ಲಿಗೂ ಹೋಗುವವಳಲ್ಲ ನಾನು. ಆದರೆ ಮೇಡಂ ನಿನ್ನನ್ನು ಕೇಳಿಯೇ ಕೇಳುತ್ತಾರೆ. ಮರೆತು ಬಂದೆ ಎಂದು ನೀನು ಬರೆದುಬಿಟ್ಟರೆ ನನ್ನ ಮಾತನ್ನು ಯಾರೂ ನಂಬುವುದಿಲ್ಲ, ಗಂಡ ಹೆಂಡಿರ ಜಗಳ ಎಂದು ನಕ್ಕು ಕೀಲಿಗಳನ್ನು ಮತ್ತೆ ಹಂಚುತ್ತಾರೆ. ಮೇಲೆ ಹೇಳಿಕೊಟ್ಟ ಸಾಲನ್ನು ಬಿಟ್ಟುಬಿಡು. ಮೇಡಂ ವಿಳಾಸ ಲಕೋಟೆಯ ಹಿಂದೆ ಇದೆ. ಬಿಡುವು ಮುಗಿಯಿತು, ಕರೆಯುತ್ತಿದ್ದಾರೆ. ಒಂದೇ ಸಾಲು ಬರೆಯುವುದಾದರೆ, ಬೀಗ ತೆಗೆದಾಗ ನೀನು ಒಳಗಿದ್ದೆ ಎಂದು ಬರೆ.